ಬಿಂದಿಗೆಯ ಹಿಂದೆ

20 ನವೆಂಬರ್ 2025, ಗುರುವಾರ
ಕುವೆಂಪುನಗರ, ಮೈಸೂರು

ನಾಳೆ ರಾತ್ರಿ ಮುರುಡೇಶ್ವರದ ಬಸ್ಸು, ಅಲ್ಲಿ ಸಮುದ್ರದೊಳಗೆ ಡೈವ್ ಮಾಡೋಕೆ. ಬ್ಯಾಗು ಇನ್ನೂ ಅರ್ಧ ಖಾಲಿ. ಸಂಜೆ ಆಫೀಸಿನಿಂದ ಬಂದವನು ಬಟ್ಟೆ ಕೂಡ ಬದಲಾಯಿಸದೆ ಹಿತ್ತಲಲ್ಲಿ ಬಕೆಟ್ಟು ಇಟ್ಟುಕೊಂಡು ಕೂತೆ. ಹತ್ತು ಲೀಟರ್ ನೀರು, ಅದಕ್ಕೆ 350 ಗ್ರಾಂ ಉಪ್ಪು. ಸಮುದ್ರದ ನೀರಿನಲ್ಲಿ ಲೀಟರಿಗೆ ಹೆಚ್ಚುಕಮ್ಮಿ 35 ಗ್ರಾಂ ಉಪ್ಪಿರುತ್ತದೆ, ಆ ಲೆಕ್ಕ.

ದೊಡ್ಡಪ್ಪ ಕಣ್ಣು ತೋರಿಸೋಕೆ ಪಾಂಡವಪುರದಿಂದ ಬಂದಿದ್ದಾರೆ. ಹನಿ ಹಾಕಿಸಿಕೊಂಡು ಎಲ್ಲಾ ಮಂಜು ಮಂಜು ಎಂದು ಮಲಗಿದ್ದವರು ಉಪ್ಪಿನ ಪ್ಯಾಕೆಟ್ ಹರಿದ ಸದ್ದಿಗೆ ಎದ್ದು ಬಂದರು.

“ಏನ್ಲಾ ಮಗ, ಉಪ್ಪಿನಕಾಯಿಗಾ?”

“ಅಲ್ಲ ದೊಡ್ಡಪ್ಪ, ಕ್ಯಾಮೆರಾ ತೇಲುತ್ತಾ ಮುಳುಗುತ್ತಾ ನೋಡ್ತಿದ್ದೀನಿ.”

ಅಂಗೈಯೊಳಗೆ ಮುಚ್ಚಿಹೋಗುವಷ್ಟು ಕ್ಯಾಮೆರಾ. ಬಿಟ್ಟೆ, ಸೀದಾ ತಳ ಸೇರಿತು. ಹಳದಿ ಫೋಮ್ ಹಿಡಿ ಸಿಕ್ಕಿಸಿ ಬಿಟ್ಟೆ, ತೇಲಿತು. ದೊಡ್ಡಪ್ಪನಿಗೆ ಸಮಾಧಾನವಾಯಿತು. ನನಗಿಲ್ಲ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಮೆತ್ತನೆಯ ಫೋಮ್ ಅಲ್ಲಿ ಹಿಂಡಿಹೋಗುತ್ತದೆ, ತೇಲಿಸುವ ಶಕ್ತಿ ಕಮ್ಮಿಯಾಗುತ್ತದೆ. ಹಾಗೂ ತೇಲಿತು ಅಂದುಕೊಳ್ಳಿ, ನಾವು ಕೆಳಗೆ, ಅದು ಮೇಲೆ. ಸೆಳೆತ ಎಳೆದ ಕಡೆ ಹೊರಟುಹೋಗುತ್ತದೆ. ಅದನ್ನು ಹಿಡಿಯಲು ಸರ್ರನೆ ಏರುವ ಹಾಗಿಲ್ಲ, ನಿಮಿಷಕ್ಕೆ 9 ಮೀಟರ್ ಮೀರಬಾರದು ಎಂದು ನಮಗೆ ಕಲಿಸಿದ್ದಾರೆ. ದೋಣಿಯಲ್ಲಿ, ಮೇಲ್ಮೇಲೆ ಈಜುವಾಗ ಫೋಮ್ ಒಳ್ಳೆಯದು. ಡೈವ್ ಮಾಡುವಾಗ ಕಟ್ಟಿಕೊಳ್ಳಲೇಬೇಕು.

ಫೆಬ್ರವರಿಯಲ್ಲೂ ಕಟ್ಟಿಕೊಂಡಿದ್ದೆ. ಮಣಿಕಟ್ಟಿಗೆ ದಾರ ಸಿಕ್ಕಿಸಿದ್ದೆ, ಬಿಗಿ ಮಾಡಿರಲಿಲ್ಲ. ನೇತ್ರಾಣಿ ದ್ವೀಪದ ಹತ್ತಿರ ದೋಣಿಯ ಅಂಚಿನಿಂದ ಕ್ಯಾಮೆರಾ ಹಿಡಿದೇ ನೀರಿಗೆ ಹೆಜ್ಜೆ ಹಾಕಿದೆ. ನೀರು ಬಡಿದ ರಭಸಕ್ಕೆ ದಾರ ಬೆರಳು ದಾಟಿ ಕಳಚಿಕೊಂಡಿತು. ರೆಕಾರ್ಡಿಂಗಿನ ಕೆಂಪು ದೀಪ ಮಿಣುಕ್ ಮಿಣುಕ್ ಎಂದು ಕೆಳಗಿಳಿಯುತ್ತಿತ್ತು. ತಲೆಕೆಳಗಾಗಿ ಅದರ ಹಿಂದೆ ಕಾಲು ಬಡಿದೆ. ಮೂಗು ಹಿಡಿದು ಕಿವಿ ಬಿಡಿಸಿಕೊಳ್ಳಲಿಲ್ಲ. ಜೊತೆಗಾರ ಎಲ್ಲಿದ್ದಾನೆ ಅಂತ ನೋಡಲಿಲ್ಲ. ನಾಲ್ಕೈದು ಮೀಟರಿಗೇ ಕಿವಿಯಲ್ಲಿ ಸೂಜಿ ಚುಚ್ಚಿದ ಹಾಗಾಯಿತು. ಹಿಂದಿನಿಂದ ಯಾರೋ ಸಿಲಿಂಡರ್ ಹಿಡಿದು ಎಳೆದರು. ಇನ್‌ಸ್ಟ್ರಕ್ಟರ್. ಮೇಲೆ ಬಂದಮೇಲೆ ಬೈಯಲಿಲ್ಲ, ಸುಮ್ನೆ ನನ್ನ ಮುಖ ನೋಡಿದರು.

ಹಾಗೆ ಹೋದ ಕ್ಯಾಮೆರಾದ ಕಾರ್ಡಿನಲ್ಲಿ ಹಿಂದಿನ ಸಂಜೆಯ ಅಮ್ಮ ಇದ್ದಳು. ಮೊದಲ ಸಲ ಸಮುದ್ರಕ್ಕೆ ಕಾಲಿಟ್ಟು, ಸೀರೆಯ ನೆರಿಗೆ ಎತ್ತಿ ಹಿಡಿದು, ನಗುತ್ತಾ ನನ್ನನ್ನೇ ಕರೆಯುತ್ತಿದ್ದಳು. ಈ ಸಲ ಹಿಂದಿನ ರಾತ್ರಿಯೇ ಕಾರ್ಡು ಖಾಲಿ ಮಾಡುತ್ತೇನೆ. ಫೋನ್ ನಂಬರ್ ಬರೆದ ಚೀಟಿಯ ಫೋಟೋ ಒಂದು ಅದರಲ್ಲಿರಲಿ, ಯಾರಿಗಾದರೂ ಸಿಕ್ಕರೆ ಗೊತ್ತಾಗಬೇಕಲ್ವಾ. ಕ್ಯಾಮೆರಾ ಹಿಡಿದು ನೆಗೆಯುವುದಿಲ್ಲ. ನಾನು ನೀರಿಗಿಳಿದ ಮೇಲೆ ದೋಣಿಯವರ ಕೈಯಿಂದ ಇಸ್ಕೊಳ್ಳುತ್ತೇನೆ.

ಎರಡನೇ ಕಟ್ಟು ಜಾಕೆಟ್ಟಿನ ಎದೆಯ ಹತ್ತಿರದ ಉಕ್ಕಿನ ಬಳೆಗೆ. ಅದಕ್ಕೆ ಸ್ಟೀಲ್ ಕೊಕ್ಕೆ ತಂದಿದ್ದೆ, ಅದನ್ನು ಕ್ಯಾಮೆರಾದ ಲೋಹದ ಕಿವಿಗೇ ಹಾಕಿದ್ದೆ. ದೊಡ್ಡಪ್ಪ ಇಸ್ಕೊಂಡರು. ಕಣ್ಣು ಮಂಜಲ್ವಾ, ಬೆರಳಲ್ಲೇ ಸವರಿ ನೋಡಿದರು.

“ಕಬ್ಣುಕ್ಕೆ ಕಬ್ಣ ಹಾಕಿದ್ದೀಯಲ್ಲೋ. ಎತ್ತು ಮುಗ್ಗರ್ಸಿ ಬಿದ್ರೆ ಏನ್ ಮಾಡೀಯೆ? ಸರಪಣಿ ಕುಯ್ಯಕ್ಕಾಯ್ತದಾ? ಮಧ್ಯ ಹಗ್ಗ ಇರ್ಬೇಕು ಕಣ್ಲಾ. ಕುಡ್ಲಲ್ಲಿ ಒಂದೇಟ್ಗೆ ಕುಯ್ಕಬೋದು.”

ಡೈವಿಂಗಿನವರು ಹೇಳುವುದೂ ಇದನ್ನೇ. ಬಲೆಗೋ ಬಂಡೆಗೋ ಸಿಕ್ಕಿಕೊಂಡರೆ ಚಾಕುವಿನಿಂದ ಕತ್ತರಿಸಿಕೊಂಡು ಬರಲು ಆಗಬೇಕು. ಕೇಳಿದ್ದೆ, ಆದರೂ ಲೋಹವೇ ಗಟ್ಟಿ ಎಂದು ಹಾಗೇ ಹಾಕಿದ್ದೆ. ದೊಡ್ಡಪ್ಪ ಒಳಗಿನಿಂದ ನೈಲಾನ್ ಹುರಿ ತರಿಸಿದರು. ಬೆರಳುದ್ದಕ್ಕೆ ಕಟ್ಟಿಸಿಕೊಂಡೆ, ಜೋತಾಡಿದರೆ ಹವಳಕ್ಕೆ ಬಡಿಯುತ್ತದೆ. ಎರಡು ಗಂಟು ಹಾಕಿ, ಹಲ್ಲಲ್ಲಿ ಕಚ್ಚಿ ಎಳೆದರು. ಕಡ್ಡಿ ಗೀರಿ ಹುರಿಯ ತುದಿ ಸುಟ್ಟು, ಬಿಸಿ ಇರುವಾಗಲೇ ಹೆಬ್ಬೆರಳಲ್ಲಿ ಒತ್ತಿ ಉಂಡೆ ಮಾಡಿದರು.

“ಹೋದಸಲದ್ದು ಹೆಂಗ್ ಹೋಯ್ತು?”

“ಕೈ ಜಾರ್ತು.”

“ಹೋದ್ರೋಗ್ಲಿ ಬುಡು. ಬಿಂದಿಗೆ ಬಿತ್ತು ಅಂತ ಯಾರೂ ಹಿಂದೇನೇ ಬಾವಿಗೆ ನೆಗಿತಿರ್ಲಿಲ್ಲ. ಪಾತಾಳಗರಡಿ ಬುಟ್ಟು ಎತ್ಕತಿದ್ವಿ. ಸಿಕ್ಕುದ್ರೆ ಸಿಕ್ತು.”

ನಾನು ಬಕೆಟ್ಟಿನ ನೀರು ಚೆಲ್ಲಲು ಎದ್ದೆ. ಗಿಡಗಳಿಗೆ ಹಾಕುವ ಹಾಗಿಲ್ಲ, ಉಪ್ಪು. ಮೋರಿಗೆ ಸುರಿದು, ಜಾಸ್ತಿ ಹೊತ್ತು ಅಲ್ಲೇ ನಿಂತಿದ್ದೆ. ನೆಗೆದ ವಿಷಯ ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಮ್ಮನಿಗೂ ಅಷ್ಟೇ ಹೇಳಿರುವುದು, ಕೈ ಜಾರಿತು ಅಂತ.

ಒಳಗಿನಿಂದ ಅಮ್ಮ ಕೂಗಿ ಹೇಳುತ್ತಿದ್ದಾಳೆ, ಆಮೆ ಕಂಡರೆ ವಿಡಿಯೋ ಮಾಡಿಕೊಂಡು ಬಾ ಅಂತ. ಹೇಳಿಬಿಟ್ಟರೆ ನಾಳೆ ಕಳಿಸುವುದಿಲ್ಲ. ಹೇಳದೆ ಹೋದರೆ, ಆ ಕೆಂಪು ದೀಪ

ಮುದ್ದೆ ಆಯಿತಂತೆ. ದೊಡ್ಡಪ್ಪ ಆಗಲೇ ತಟ್ಟೆ ಮುಂದೆ ಕೂತಿದ್ದಾರೆ.