ಸೀಕೋ 5: ಮುಖ ಹಳೇದೇ ಇರಲಿ

ಡೊಂಬಿವಲಿ
ಭಾನುವಾರ, 14 ಜುಲೈ 2024

ನಾನು ಕೊಂಡ ಹಳೇ ಸೀಕೋ 5 ಕೈಗಡಿಯಾರದ ರಿಪೇರಿ ಕೆಲಸ ಇವತ್ತು ಮುಗಿಯಿತು. ಗ್ಲಾಸು ಹೊಸದು, ಹಿಂದಿನ ಮುಚ್ಚಳದ ರಬ್ಬರ್ ರಿಂಗ್ ಹೊಸದು, ಮಶೀನ್ ಪೂರ್ತಿ ಬಿಚ್ಚಿ ತೊಳೆದು ಎಣ್ಣೆ ಹಾಕಿದ್ದಾಯಿತು. ಡಯಲ್ ಮಾತ್ರ ಬಂದ ಹಾಗೇ ಇದೆ. ನಾಲ್ಕು ಗಂಟೆಯ ಗುರುತಿನ ಹತ್ತಿರ ಕಂದು ಚುಕ್ಕೆಗಳು, ಅಂಚಿನಲ್ಲಿ ಮಾಸಿದ ಬೆಳ್ಳಿ ಬಣ್ಣ. ಮನೆಯಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: ಇಷ್ಟೆಲ್ಲ ಮಾಡಿಸಿದವಳು ಡಯಲ್‌ಗೂ ಬಣ್ಣ ಹೊಡೆಸಬಾರದಿತ್ತಾ? ಬೇಡ ಅಂತಲೇ ಹೊಡೆಸಲಿಲ್ಲ. ಅದಕ್ಕೆ ಕಾರಣ ಇದೆ.

ಆನ್‌ಲೈನ್‌ನಲ್ಲಿ ಹಳೇ ಸೀಕೋ ಹುಡುಕಿ ನೋಡಿ. ಕಡುನೀಲಿ, ಕೆಂಪು, ಕಿತ್ತಳೆ, ಗಿಳಿಹಸಿರು, ಎಲ್ಲವೂ ಫಳಫಳ ಹೊಳೆಯುತ್ತಿರುತ್ತವೆ. ನಲವತ್ತು ವರ್ಷದ ವಾಚ್ ಹಾಗೆ ಹೊಳೆಯೋದಿಲ್ಲ. ಹಳೇ ಡಯಲ್ ಕೆರೆದು, ಹೊಸ ಬಣ್ಣ ಹೊಡೆದು, ಮೇಲೆ ಹೆಸರು ಅಚ್ಚು ಹಾಕಿದ್ದು ಅವು. ನಮ್ಮ ಮುಂಬೈ ಈ ಕೆಲಸಕ್ಕೆ ಎಷ್ಟು ಹೆಸರಾಗಿದೆ ಅಂದರೆ, ಹೊರದೇಶದ ವಾಚ್ ಪ್ರಿಯರು ಇಂಥ ವಾಚ್‌ಗಳನ್ನು ಮುಂಬೈ ಹೆಸರಿಂದಲೇ ಕರೆಯುತ್ತಾರೆ. ಬಣ್ಣ ಹೊಡೆಯುವ ಕೈಗಳ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟು ಚಿಕ್ಕ ಜಾಗದಲ್ಲಿ ಅಕ್ಷರ ಕೂರಿಸೋದು ಸುಮ್ನೆ ಬರುವ ವಿದ್ಯೆ ಅಲ್ಲ. ಆದರೆ ಮಾರುವವರು ಅದನ್ನು ಹೇಳಿ ಮಾರಬೇಕು. 'ಒರಿಜಿನಲ್' ಅಂತ ಬರೆದು ಮಾರಿದರೆ ಅದು ಮೋಸವೇ.

ಹಾಗಾಗಿ ನಾನು ಹುಡುಕಿದ್ದು ಕೊಳಕಾದ ವಾಚ್. ಇದರ ಫೋಟೋದಲ್ಲಿ ಗ್ಲಾಸಿನ ಮೇಲೆ ಎಷ್ಟು ಗೀರುಗಳಿದ್ದವು ಅಂದರೆ ಮುಳ್ಳುಗಳೇ ಸರಿಯಾಗಿ ಕಾಣುತ್ತಿರಲಿಲ್ಲ. ಇನ್ನೊಂದು ಫೋಟೋ ಕಳಿಸಿ, ಆರು ಗಂಟೆ ಗುರುತಿನ ಕೆಳಗೆ ಹತ್ತಿರದಿಂದ ತೆಗೀರಿ ಅಂತ ಕೇಳಿದೆ. ಸೀಕೋ ಡಯಲ್‌ನ ಕೆಳ ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಒಂದು ನಂಬರ್ ಇರುತ್ತೆ. ಅದರ ಮೊದಲ ನಾಲ್ಕು ಅಂಕಿ ಒಳಗಿನ ಮಶೀನ್‌ದು. ಬಣ್ಣ ಹೊಡೆದ ಡಯಲ್‌ಗಳಲ್ಲಿ ಎಷ್ಟೋ ಸಲ ಈ ಸಾಲೇ ಇರೋದಿಲ್ಲ, ಇದ್ದರೂ ಸೊಟ್ಟಗಿರುತ್ತೆ. ಇದರಲ್ಲಿ 7009 ಅಂತ ಸ್ಪಷ್ಟವಾಗಿತ್ತು. ಹಿಂದಿನ ಮುಚ್ಚಳದಲ್ಲೂ 7009. ಎರಡು ಸಾವಿರಕ್ಕಿಂತ ಕಡಿಮೆಗೆ ಬಂತು.

ಇದರ ವಾರದ ಹೆಸರುಗಳು ಇಂಗ್ಲಿಷ್‌ನಲ್ಲೂ ಇವೆ, ಅರೇಬಿಕ್‌ನಲ್ಲೂ ಇವೆ. ಅಂದರೆ ಗಲ್ಫ್ ಕಡೆಯ ಮಾರುಕಟ್ಟೆಗೆ ಮಾಡಿದ ವಾಚ್. ಊರಿಂದ ದುಬೈ, ಮಸ್ಕತ್‌ಗೆ ದುಡಿಯೋಕೆ ಹೋದವರು ರಜೆಗೆ ಬರುವಾಗ ಕೈಗೆ ಕಟ್ಟಿಕೊಂಡು ಬರುತ್ತಿದ್ದದ್ದು ಇಂಥದ್ದೇ. ಯಾರ ಕೈಯಲ್ಲಿತ್ತೋ ಗೊತ್ತಿಲ್ಲ. ಕೇಸಿನ ಸಂದಿಯಲ್ಲಿ ಗಟ್ಟಿಯಾಗಿ ಕೂತಿದ್ದ ಬೆವರಿನ ಕೊಳೆ ನೋಡಿದರೆ, ದಿನಾ ಕಟ್ಟಿದ್ದಾರೆ ಅನ್ನೋದು ಮಾತ್ರ ಗೊತ್ತಾಗುತ್ತೆ.

ಮಾರಿದವರು 'ಓಡುತ್ತದೆ' ಅಂತ ಬರೆದಿದ್ದರು. ಅಲ್ಲಾಡಿಸಿದರೆ ಓಡುತ್ತಿತ್ತು. ಮೇಜಿನ ಮೇಲಿಟ್ಟರೆ ಸ್ವಲ್ಪ ಹೊತ್ತಿಗೆ ನಿಲ್ಲುತ್ತಿತ್ತು. ಮಾಟುಂಗಾ ಪೂರ್ವದಲ್ಲಿ ನಾನು ಹೋಗುವ ರಿಪೇರಿ ಅಂಗಡಿಯ ಕಾಕಾ ವಿಜಯಪುರ ಕಡೆಯವರು. ಭಾನುವಾರ ಶಟರ್ ಅರ್ಧ ಎಳೆದು ಕೂತಿರುತ್ತಾರೆ. ಗಿರಾಕಿ ಇಲ್ಲದ ಆ ಹೊತ್ತಲ್ಲಿ ನನಗೆ ಕೆಲಸ ಕಲಿಸುತ್ತಾರೆ. ಹಳಿ ರಿಪೇರಿಗೆ ಅಂತ ರೈಲು ಕಡಿಮೆ ಮಾಡುವ ಮೆಗಾ ಬ್ಲಾಕ್ ಶುರುವಾಗೋ ಮೊದಲೇ ಸ್ಲೋ ಲೋಕಲ್ ಹಿಡಿದು ಹೋಗಿಬಿಡುತ್ತೇನೆ. ವಾಚ್ ಕಿವಿಗೆ ಹಿಡಿದು ಕೇಳಿ ಅವರು ಅಂದದ್ದು ಇಷ್ಟು:

"ಓಡಿದ್ರ ಚಲೋ ಐತಿ ಅಂತ ಅಲ್ಲವ್ವಾ. ಎಣ್ಣಿ ಇಲ್ದ ಓಡಾಕತ್ತೈತಿ. ಓಡಿದಷ್ಟೂ ಸವೀತೈತಿ."

ಮುಚ್ಚಳ ತೆಗೆದ ಮೇಲೆ ಅವರ ಮಾತು ಕಣ್ಣಿಗೇ ಕಾಣಿಸಿತು. ಐಗ್ಲಾಸ್ (ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ) ಹಾಕಿಕೊಂಡು ನೋಡಿದರೆ, ಚಕ್ರದ ಮೊನೆ ಕೂರುವ ಕೆಂಪು ಕಲ್ಲುಗಳ ಸುತ್ತ ಎಣ್ಣೆ ಒಣಗಿ ಕಂದು ಉಂಗುರವಾಗಿದೆ. ಸ್ಪ್ರಿಂಗ್ ಇರುವ ಬ್ಯಾರೆಲ್ ಹತ್ತಿರ ಬಣ್ಣ ಕಂದಲ್ಲ, ಕಪ್ಪು. ಕಪ್ಪು ಅಂದರೆ ಲೋಹ ಲೋಹವನ್ನು ತಿಂದು ಉದುರಿದ ಪುಡಿ. ಈ ಮಶೀನ್‌ಗೆ 17 ಕಲ್ಲುಗಳಿವೆ, ಆದರೆ ಬ್ಯಾರೆಲ್ ಕೂರುವ ತೂತಿಗೆ ಕಲ್ಲಿಲ್ಲ. ಲೋಹದ ಮೇಲೆ ಲೋಹವೇ ತಿರುಗಬೇಕು. ಅಲ್ಲಿ ಎಣ್ಣೆ ಒಣಗಿದರೆ ತೂತು ಅಗಲವಾಗುತ್ತಾ ಹೋಗುತ್ತೆ. ಇದರಲ್ಲಿ ಪುಣ್ಯಕ್ಕೆ ಜಾಸ್ತಿ ಸವೆದಿಲ್ಲ.

ಗಂಟೆಗೆ 21,600 ಬಡಿತ ಈ ಮಶೀನ್‌ದು. ಸೆಕೆಂಡಿಗೆ ಆರು, ದಿನಕ್ಕೆ 5,18,400. ಇಷ್ಟು ಬಡಿತಕ್ಕೂ ಒಂದು ಮೊನೆಗೆ ಬೇಕಾಗೋದು ಬರಿಗಣ್ಣಿಗೆ ಕಾಣದಷ್ಟು ಎಣ್ಣೆ. ಆ ಎಣ್ಣೆಗೆ ದುಡ್ಡು ಹಾಕದೆ ಡಯಲ್‌ಗೆ ಬಣ್ಣ ಹೊಡೆಸಿ ಮಾರುವುದನ್ನು ನೋಡಿದರೆ ನನಗೆ ನಿಜವಾಗಿ ಬೇಜಾರಾಗುತ್ತೆ.

ಮುಚ್ಚಳದ ಒಳಮೈಯಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಮುಚ್ಚಳದ ಹೊರಮೈಯಲ್ಲಿರುವ ಸೀಕೋ ಸೀರಿಯಲ್ ನಂಬರ್‌ನ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಇದರದ್ದು 9 ಮತ್ತು 4. ಅಂದರೆ 9ರಲ್ಲಿ ಮುಗಿಯುವ ಯಾವುದೋ ವರ್ಷದ ಏಪ್ರಿಲ್. ಯಾವ ದಶಕ ಅನ್ನೋದು ನಂಬರ್‌ನಲ್ಲಿ ಇರೋದಿಲ್ಲ. ಆದರೆ ಹಿಂದಿನ ಕಾಲದ ರಿಪೇರಿಯವರು ಸರ್ವಿಸ್ ಮಾಡಿದ ತಾರೀಕನ್ನು ಸೂಜಿಯಿಂದ ಮುಚ್ಚಳದ ಒಳಗೆ ಗೀಚಿಡುತ್ತಿದ್ದರು. ಓರೆಯಾಗಿ ಹಿಡಿದು ದೀಪಕ್ಕೆ ತೋರಿಸಿದಾಗ '6-84' ಕಾಣಿಸಿತು, ಅದರ ಕೆಳಗೆ ಬೇರೆ ಕೈಬರಹದಲ್ಲಿ '2-91'. 1984ರಲ್ಲಿ ಸರ್ವಿಸ್ ಆಗಿದೆ ಅಂದ ಮೇಲೆ ಇದು 1989ರದ್ದು ಆಗೋಕೆ ಸಾಧ್ಯವಿಲ್ಲ, 1979ರದ್ದೇ. 91ರ ನಂತರ ಯಾವ ಗುರುತೂ ಇಲ್ಲ. ಕಾಕಾ ಗೀಚೋದಿಲ್ಲ, ಚೀಟಿಯಲ್ಲಿ ಬರೆದುಕೊಡುತ್ತಾರೆ. ನಾನೇ ಕೇಳಿಕೊಂಡೆ, ಆ ಎರಡರ ಕೆಳಗೆ '7-24' ಅಂತ ಗೀಚಿ ಕೊಟ್ಟರು. ಮುಂದೆ ತೆರೆಯುವವರಿಗೆ ಬೇಕಾಗುತ್ತೆ ಅಲ್ವಾ.

ಬಿಚ್ಚುವ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ರೋಟರ್ (ಕೈ ಆಡಿದಾಗ ತಿರುಗಿ ಸ್ಪ್ರಿಂಗ್ ಸುತ್ತುವ ತೂಕದ ತಟ್ಟೆ) ಕೆಳಗಿನ ಲಿವರ್. ಸೀಕೋದವರು ಇದಕ್ಕೆ ಮ್ಯಾಜಿಕ್ ಲಿವರ್ ಅಂತ ಹೆಸರಿಟ್ಟು 1959ರಲ್ಲಿ ತಂದರು. ಕೈ ಆಡಿದ ಹಾಗೆ ಅರ್ಧಚಂದ್ರದ ರೋಟರ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗುತ್ತೆ. ಸ್ಪ್ರಿಂಗ್ ಮಾತ್ರ ಒಂದೇ ದಿಕ್ಕಿಗೆ ಸುತ್ತಬೇಕು. ರೋಟರ್ ತಿರುಗಿಸುವ ಚಕ್ರದಲ್ಲಿ ನಟ್ಟನಡುವಿನಿಂದ ಸ್ವಲ್ಪ ಸರಿದು ಒಂದು ಪುಟ್ಟ ಮೊಳೆ ಇದೆ. ಅದಕ್ಕೆ ಎರಡು ತೋಳಿನ ತೆಳ್ಳಗಿನ ಲಿವರ್ ಸಿಕ್ಕಿಸಿದ್ದಾರೆ. ಚಕ್ರ ಯಾವ ಕಡೆ ತಿರುಗಿದರೂ ಲಿವರ್ ಹಿಂದೆ ಮುಂದೆ ಹೋಗುತ್ತೆ. ಒಂದು ತೋಳು ಹಲ್ಲಿನ ಚಕ್ರವನ್ನು ತಳ್ಳುತ್ತೆ, ಇನ್ನೊಂದು ಎಳೆಯುತ್ತೆ. ಎರಡೂ ಸೇರಿ ಅದನ್ನು ಒಂದೇ ಕಡೆಗೆ ತಿರುಗಿಸುತ್ತವೆ. ಅಷ್ಟೇ. ಚಿಮಟದಲ್ಲಿ ಹಿಡಿದು ನೋಡಿದರೆ ಇದೊಂದು ಸಣ್ಣ ತಗಡಿನ ಚೂರು. ಇಂಥ ಸರಳ ಉಪಾಯ ಹೊಳೆಯೋಕೆ ಎಂಥ ತಲೆ ಬೇಕು! ಇದೇ ಕಂಪನಿ 1969ರಲ್ಲಿ ಬ್ಯಾಟರಿಯಲ್ಲಿ ಓಡುವ ಕ್ವಾರ್ಟ್ಜ್ ಕೈಗಡಿಯಾರ ತಂದು ಕೀ ಕೊಡುವ ವಾಚ್‌ಗಳ ಕಾಲವನ್ನೇ ಅಲ್ಲಾಡಿಸಿತು. ಅದಾಗಿ ಹತ್ತು ವರ್ಷಕ್ಕೆ ತಯಾರಾದ ನನ್ನ ವಾಚ್‌ನಲ್ಲೂ ಈ ಲಿವರ್ ಹಾಗೇ ಇದೆ.

ಮೊದಲು ಸ್ಪ್ರಿಂಗ್‌ನಲ್ಲಿ ಉಳಿದ ಬಲ ಇಳಿಸಬೇಕು, ಇಲ್ಲದಿದ್ದರೆ ಚಕ್ರಗಳು ಒಮ್ಮೆಲೇ ಬಿಟ್ಟುಕೊಂಡು ಹಲ್ಲು ಮುರಿಯುತ್ತವೆ. ಆಮೇಲೆ ಬ್ಯಾಲೆನ್ಸ್ (ಆಚೀಚೆ ತೂಗುತ್ತಾ ಬಡಿತ ಕೊಡುವ ಚಕ್ರ) ತೆಗೆದು ಬದಿಗಿಡಬೇಕು. ಬೇರೆಲ್ಲ ಭಾಗ ಪೆಟ್ರೋಲಿಯಂ ಬೆಂಜಿನ್‌ನಲ್ಲಿ ತೊಳೆದು, ಕಲ್ಲಿನ ತೂತುಗಳನ್ನು ಚೂಪು ಮಾಡಿದ ಕಡ್ಡಿಯಿಂದ ಒಂದೊಂದಾಗಿ ತಿರುವಿ ಸ್ವಚ್ಛ ಮಾಡಿದೆವು. ಕಡ್ಡಿಯ ತುದಿ ಬೆಳ್ಳಗೆ ಬರುವ ತನಕ ಬಿಡಬಾರದು. ವೇಗವಾಗಿ ತಿರುಗುವ ಮೊನೆಗಳಿಗೆ ತೆಳು ಎಣ್ಣೆ, ನಿಧಾನ ತಿರುಗುವ ಭಾರದ ಕಡೆ ದಪ್ಪ ಎಣ್ಣೆ, ಬ್ಯಾರೆಲ್ ಒಳಗೋಡೆಗೆ ಗ್ರೀಸ್. ಬ್ಯಾಲೆನ್ಸ್‌ಗೆ ಸುತ್ತಿದ ಕೂದಲೆಳೆಯಂಥ ಸುರುಳಿ, ಅಂದರೆ ಹೇರ್‌ಸ್ಪ್ರಿಂಗ್‌ಗೆ ಎಣ್ಣೆ ಸೋಕಲೇಬಾರದು. ಸೋಕಿದರೆ ಸುರುಳಿಗಳು ಅಂಟಿಕೊಂಡು ವಾಚ್ ತುಂಬಾ ಮುಂದೆ ಓಡುತ್ತೆ.

ಬ್ಯಾಲೆನ್ಸ್ ಕೂರಿಸುವ ಕೆಲಸ ಕಾಕಾ ನನಗೇ ಬಿಟ್ಟರು. ಸ್ಕ್ರೂ ಪೂರ್ತಿ ಬಿಗಿಯೋಕೆ ಮೊದಲೇ ಅದು ತಾನಾಗಿ ಆಡತೊಡಗಿತು. ಓಟ ಅಳೆಯುವ ಟೈಮಿಂಗ್ ಮಶೀನ್ ಮೇಲಿಟ್ಟಾಗ ಬ್ಯಾಲೆನ್ಸ್ ತೂಗಾಟ 250 ಡಿಗ್ರಿ. ತೊಳೆಯೋಕೆ ಮುಂಚೆ 160 ದಾಟುತ್ತಿರಲಿಲ್ಲ. ದಿನಕ್ಕೆ 12 ಸೆಕೆಂಡ್ ಮುಂದೆ.

ಡಯಲ್ ವಿಷಯಕ್ಕೆ ಬಂದಾಗ, ಚುಕ್ಕೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದೇನ್ರೀ ಕಾಕಾ ಅಂತ ಕೇಳಿದೆ.

"ಮುಟ್ಟಬ್ಯಾಡ. ಊದಿ ಬಿಡು, ಸಾಕು. ಅಕ್ಷರ ಎದ್ದು ಹೋದ್ರ ಮತ್ತ ಬರಂಗಿಲ್ಲ."

ಬ್ಲೋವರ್‌ನಿಂದ ಊದಿ ಬಿಟ್ಟೆವು. ಕೇಸನ್ನೂ ಪಾಲಿಶ್ ಮಾಡಲಿಲ್ಲ. ಪಾಲಿಶ್ ಚಕ್ರಕ್ಕೆ ಹಿಡಿದರೆ ಅದರ ಚೂಪು ಅಂಚುಗಳು ದುಂಡಗಾಗಿಬಿಡುತ್ತವೆ. ಸೋಪು, ಮೆತ್ತನೆ ಬ್ರಶ್ ಸಾಕಾಯಿತು. ಗ್ಲಾಸು ಮಾತ್ರ ಬದಲಾಯಿಸಲೇಬೇಕಾಯಿತು. ನಮ್ಮ ಎಚ್‌ಎಂಟಿ ಜನತಾದ ಪ್ಲಾಸ್ಟಿಕ್ ಗ್ಲಾಸ್ ಆಗಿದ್ದರೆ ಬ್ರಾಸೋ ಹಾಕಿ ಉಜ್ಜಬಹುದಿತ್ತು. ಇದು ಗಟ್ಟಿ ಗಾಜು, ಗೀರು ಉಜ್ಜಿದರೆ ಹೋಗೋದಿಲ್ಲ. ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಗಲ್ಲಿಯಲ್ಲಿ ಅದೇ ಅಳತೆಯದ್ದು ಸಿಕ್ಕಿತು.

ಹೊಸ ಗ್ಲಾಸಿನ ಕೆಳಗೆ ಆ ಹಳೇ ಡಯಲ್ ಎಷ್ಟು ಚೆನ್ನಾಗಿ ಕಾಣುತ್ತೆ ಗೊತ್ತಾ! ಬೆಳಕು ಬಿದ್ದಾಗ ನಡುವಿನಿಂದ ಅಂಚಿಗೆ ಸಣ್ಣ ಕಿರಣಗಳು ಹರಡುತ್ತವೆ. ಚುಕ್ಕೆಗಳು ನನಗೆ ಅಡ್ಡಿಯಾಗಿಲ್ಲ.

ಗುರುವಾರ, 18 ಜುಲೈ

ನಾಲ್ಕೈದು ಜನ ವಾಚ್ ಬಗ್ಗೆ ಕೇಳಿದ್ದರಿಂದ ಒಂದೆರಡು ಮಾತು.

ಭಾನುವಾರ ಸಂಜೆ ಟೈಮ್ ಸರಿ ಮಾಡಿದ್ದು. ಇವತ್ತು ಬೆಳಿಗ್ಗೆ 40 ಸೆಕೆಂಡ್ ಮುಂದಿತ್ತು. ರಾತ್ರಿ ತೆಗೆದಿಟ್ಟರೂ ಬೆಳಿಗ್ಗೆ ತನಕ ನಿಂತಿಲ್ಲ. ಈ 7009ಕ್ಕೆ ಕೀ ಕೊಡೋಕೆ ಬರೋದಿಲ್ಲ, ಕೈ ಆಡಿದರಷ್ಟೇ ತುಂಬಬೇಕು. ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವ ನನಗೆ ಸಾಲುತ್ತೋ ಇಲ್ಲವೋ ಅಂದುಕೊಂಡಿದ್ದೆ. ಲೋಕಲ್‌ನಲ್ಲಿ ಹಿಡಿಕೆ ಹಿಡಿದು ನಿಂತೇ ಹೋಗಿಬರುವುದರಿಂದ ಧಾರಾಳವಾಗಿ ಸಾಲುತ್ತಿದೆ.

ಇಂಥ ವಾಚ್ ಇರುವವರಿಗೆ ಒಂದು ಕಿವಿಮಾತು. ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ನಾಲ್ಕರವರೆಗೆ ತಾರೀಕು, ವಾರ ಬದಲಾಯಿಸಬೇಡಿ. ಆ ಹೊತ್ತಲ್ಲಿ ತಾರೀಕು ತಿರುಗಿಸುವ ಹಲ್ಲುಗಳು ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ, ಮುರಿಯುತ್ತವೆ.

ರಬ್ಬರ್ ರಿಂಗ್ ಹೊಸದಾದರೂ ಮಳೆಯಲ್ಲಿ ಕಟ್ಟುತ್ತಿಲ್ಲ, ಚೀಲದ ಒಳಗೆ ಹಾಕಿಕೊಳ್ಳುತ್ತೇನೆ. ಟೈಮ್ ಸರಿ ಮಾಡುವ ತಿರುಗಣೆಯ ಕಡೆಯ ರಿಂಗ್ ಇನ್ನೂ ಹಳೇದೇ. ಅದು ಸಿಕ್ಕಿದ ಮೇಲೆ ನೋಡಬೇಕು. ಲೆದರ್ ಬೆಲ್ಟ್ ಈ ಹವೆಗೆ ಬೂಷ್ಟು ಹಿಡಿಯುತ್ತೆ, ಹಾಗಾಗಿ ಸ್ಟೀಲ್ ಚೈನನ್ನೇ ತೊಳೆದು ಹಾಕಿದ್ದೇನೆ. 12 ಸೆಕೆಂಡನ್ನು ಇನ್ನೂ ಕಡಿಮೆ ಮಾಡಬಹುದಾ ಅಂತ ಕಾಕಾಗೆ ಫೋನ್ ಮಾಡಿ ಕೇಳಿದೆ. ಒಂದು ತಿಂಗಳು ಕಟ್ಟಿಕೊಂಡು ಓಡಾಡು, ಎಣ್ಣೆ ಸರಿಯಾಗಿ ಕೂರಲಿ, ದಿನಾ ಎಷ್ಟು ಮುಂದೆ ಹೋಗುತ್ತೆ ಬರೆದಿಡು, ಆಮೇಲೆ ವೇಗ ಹೊಂದಿಸುವ ರೆಗ್ಯುಲೇಟರ್ ಮುಟ್ಟೋಣ ಅಂದರು. ಬರೆದಿಡುತ್ತಿದ್ದೇನೆ.