ಇಲ್ಲದ ಥೈರಾಯ್ಡ್ ತೋರಿಸಿದ ರಿಪೋರ್ಟ್

ನಾನು ಮಂಗಳೂರಿನ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಥೈರಾಯ್ಡ್ ಟೆಸ್ಟ್ ಅಂದರೆ ನಮಗೆ ದಿನದ ಗಂಜಿ ಊಟದ ಹಾಗೆ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದರೆ ಹತ್ತರೊಳಗೆ ರ‍್ಯಾಕ್ ತುಂಬಿರುತ್ತದೆ. 2018ರಲ್ಲಿ ನಾನು ಎಡವಿದ್ದೂ ಅದರಲ್ಲೇ.

ಸುರತ್ಕಲ್ ಕಡೆಯ ಒಬ್ಬರು ಅಕ್ಕ ಬಂದಿದ್ದರು, ಕೋಲೂರಿಕೊಂಡು. ಚೀಟಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಅಂತಿತ್ತು. ದೇಹವನ್ನು ಕಾಯಬೇಕಾದ ವ್ಯವಸ್ಥೆಯೇ ಮೆದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನು ಕೆಡಿಸುವ ಕಾಯಿಲೆ ಅದು. ಸುಸ್ತು ಜಾಸ್ತಿ ಅಂತ ಡಾಕ್ಟರು ಟಿಎಸ್‌ಎಚ್, ಫ್ರೀ ಟಿ4 ಬರೆದಿದ್ದರು. ಫ್ರೀ ಟಿ4 ಅಂದರೆ ಥೈರಾಯ್ಡ್ ಬಿಡುವ ಹಾರ್ಮೋನ್, ಟಿಎಸ್‌ಎಚ್ ಅಂದರೆ ಅದನ್ನು ಬಿಡು ಅಂತ ಥೈರಾಯ್ಡಿಗೆ ಹೇಳುವ ಹಾರ್ಮೋನ್. ಥೈರಾಯ್ಡ್ ಜಾಸ್ತಿಯಾದರೆ ಟಿಎಸ್‌ಎಚ್ ಇಳಿಯುತ್ತದೆ. ಎಂಎಸ್‌ನಲ್ಲೂ ಸುಸ್ತು ಉಂಟು, ಥೈರಾಯ್ಡ್ ಕಡಿಮೆಯಾದರೂ ಸುಸ್ತು ಉಂಟು. ಮುಖ ನೋಡಿ ಹೇಳಲಿಕ್ಕಾಗುವುದಿಲ್ಲ, ಅಲ್ವಾ?

ಟಿಎಸ್‌ಎಚ್ 0.03 ಬಂತು. ಸಾಮಾನ್ಯವಾಗಿ 0.4ರಿಂದ 4ರ ಒಳಗೆ ಇರಬೇಕು. ಫ್ರೀ ಟಿ4 ಮೇಲಿನ ಮಿತಿಯ ಎರಡು ಪಟ್ಟು. ಮತ್ತೊಮ್ಮೆ ಹಾಕಿದೆ, ಅದೇ. ಕಂಟ್ರೋಲ್, ಅಂದರೆ ಮೆಷಿನ್ ಪರೀಕ್ಷಿಸಲಿಕ್ಕೆ ಇಡುವ ಅಂಕಿ ಗೊತ್ತಿರುವ ಸ್ಯಾಂಪಲ್, ನೋಡಿದೆ, ಸರಿ ಇತ್ತು. ಅಲ್ಲಿಗೆ ನನ್ನ ತಲೆ ಒಂದು ಕಥೆ ಕಟ್ಟಿತು: ಎಂಎಸ್ ಆಟೋಇಮ್ಯೂನ್, ಅಂದರೆ ದೇಹ ತನ್ನ ಮೇಲೆ ತಾನೇ ತಿರುಗಿ ಬೀಳುವ ಕಾಯಿಲೆ; ಥೈರಾಯ್ಡ್ ಜಾಸ್ತಿ ಮಾಡುವ ಗ್ರೇವ್ಸ್ ಕಾಯಿಲೆಯೂ ಆಟೋಇಮ್ಯೂನ್. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್ ಥೈರಾಯ್ಡನ್ನು ಏರುಪೇರು ಮಾಡುವುದುಂಟು. ಎಂಎಸ್‌ನ ಇನ್ನೊಂದು ಮದ್ದು ಅಲೆಮ್ಟುಜುಮ್ಯಾಬ್ ಪಡೆದವರಲ್ಲಂತೂ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ ಜನಕ್ಕೆ ಥೈರಾಯ್ಡ್ ತೊಂದರೆ ಬರುತ್ತದೆ. ಕೊನೆಯ ಡೋಸ್ ಆಗಿ ನಾಲ್ಕು ವರ್ಷದವರೆಗೆ ಮೂರು ತಿಂಗಳಿಗೊಮ್ಮೆ ಟೆಸ್ಟ್ ಮಾಡಿಸಬೇಕು. ಇದೆಲ್ಲ ನಿಜವೇ. ನಿಜವಾದ್ದರಿಂದಲೇ ನನಗೆ ಅನುಮಾನ ಬರಲಿಲ್ಲ. ಅಕ್ಕ ಇದರಲ್ಲಿ ಯಾವುದಾದರೂ ತೆಗೆದುಕೊಳ್ಳುತ್ತಿದ್ದಾರಾ ಅಂತಲೂ ಕೇಳಲಿಲ್ಲ. ರಿಪೋರ್ಟ್ ಕೊಟ್ಟೆ.

ಮಾರನೇ ದಿನ ಡಾಕ್ಟರ ಫೋನ್.

"ಎಂತ ಮಾರಾಯ್ರೆ, ಇವರ ಪಲ್ಸ್ 72. ಕೈ ನಡುಗುವುದಿಲ್ಲ, ತೂಕವೂ ಇಳಿದಿಲ್ಲ. ನಿಮ್ಮ ರಿಪೋರ್ಟ್ ನೋಡಿದರೆ ನಾನು ಇವತ್ತೇ ಕಾರ್ಬಿಮಜೋಲ್ ಶುರು ಮಾಡಬೇಕು!" ಅದು ಥೈರಾಯ್ಡ್ ಇಳಿಸುವ ಮದ್ದು. ಥೈರಾಯ್ಡ್ ಅಷ್ಟು ಜಾಸ್ತಿ ಇದ್ದರೆ ಪಲ್ಸ್ ಓಡಬೇಕಿತ್ತು, ಕೈ ನಡುಗಬೇಕಿತ್ತು, ತೂಕ ಇಳಿಯಬೇಕಿತ್ತು.

ಅಕ್ಕನಿಗೆ ಫೋನ್ ಮಾಡಿದೆ. "ಬೇರೆ ಮದ್ದು ಏನಾದರೂ ಉಂಟಾ ಅಕ್ಕಾ?" "ಇಲ್ಲಪ್ಪ." ಸ್ವಲ್ಪ ಹೊತ್ತು ಸುಮ್ನಿದ್ದರು. "ಅಮೆರಿಕದಿಂದ ತಮ್ಮ ಕಳಿಸಿದ ವಿಟಮಿನ್ ಉಂಟು. ಅದು ಮದ್ದಲ್ಲ ಅಲ್ವಾ?"

ಬಯೋಟಿನ್, ಒಂದು ಬಿ ವಿಟಮಿನ್. 100 ಮಿಲಿಗ್ರಾಂನ ಕ್ಯಾಪ್ಸೂಲ್, ದಿನಕ್ಕೆ ಮೂರು. ನಮಗೆ ದಿನಕ್ಕೆ ಬೇಕಾದದ್ದು ಸುಮಾರು 30 ಮೈಕ್ರೋಗ್ರಾಂ, ಅಂದರೆ ಇದು ಹತ್ತು ಸಾವಿರ ಪಟ್ಟು. ಆಗ ಎಂಎಸ್‌ಗೆ ಇಷ್ಟು ದೊಡ್ಡ ಡೋಸ್ ಕೊಟ್ಟು ಪರೀಕ್ಷೆ ನಡೆಯುತ್ತಿತ್ತು, ತಮ್ಮ ಎಲ್ಲೋ ಓದಿದ್ದರು. (ಮುಂದೆ 2020ರಲ್ಲಿ ಬಂದ ದೊಡ್ಡ ಪರೀಕ್ಷೆಯ ಫಲಿತಾಂಶದಲ್ಲಿ ಪ್ರಯೋಜನ ಕಾಣಲಿಲ್ಲ.)

ಕೆಲವು ಕಂಪನಿಗಳ ಕಿಟ್‌ನಲ್ಲಿ ಬಯೋಟಿನ್ನೇ ಕೊಂಡಿ. ಟಿಎಸ್‌ಎಚ್ ಹಿಡಿದ ಆ್ಯಂಟಿಬಾಡಿ ಆ ಕೊಂಡಿಯಿಂದ, ಬಯೋಟಿನ್ ಹಿಡಿಯುವ ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನ್ ಲೇಪಿಸಿದ ಕಣಕ್ಕೆ ಅಂಟಿಕೊಂಡರೆ ಮಾತ್ರ ಲೆಕ್ಕಕ್ಕೆ. ನಮ್ಮ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ಸ್ಟಾಂಡಿನಿಂದ ಹೊರಡುವ ಸಿಟಿ ಬಸ್ ನೆನಪಿಸಿಕೊಳ್ಳಿ. ಸೀಟೆಲ್ಲ ರಕ್ತದಲ್ಲಿ ತೇಲುವ ಬಯೋಟಿನ್ ಹಿಡಿದಿದೆ, ಟಿಎಸ್‌ಎಚ್ ಸ್ಟಾಪಿನಲ್ಲೇ ಬಾಕಿ. ಹಾಗಾಗಿ ಕಡಿಮೆ ತೋರಿಸುತ್ತದೆ. ಫ್ರೀ ಟಿ4ರ ಲೆಕ್ಕ ಉಲ್ಟಾ, ಸಿಗ್ನಲ್ ಕಡಿಮೆಯಾದಷ್ಟೂ ಅಂಕಿ ಜಾಸ್ತಿ. ಎರಡೂ ಸೇರಿ ಥೇಟ್ ಗ್ರೇವ್ಸ್! ಅದೇ ಮೆಷಿನ್‌ನಲ್ಲಿ ಎಷ್ಟು ಸಲ ರಿಪೀಟ್ ಮಾಡಿದರೂ ಅದೇ ತಪ್ಪು ಬರುತ್ತದೆ. ಕಂಟ್ರೋಲ್ ಬಾಟಲಿ ಬಯೋಟಿನ್ ನುಂಗಿರುವುದಿಲ್ಲವಲ್ಲ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು. ನಮ್ಮ ಕಿಟ್‌ನ ಒಳಗಿನ ಕಾಗದದಲ್ಲೂ ಬರೆದಿತ್ತು, ಸಣ್ಣ ಅಕ್ಷರದಲ್ಲಿ. ನಾನು ಅದನ್ನು ಮಡಚಿ ಡ್ರಾಯರಿಗೆ ಹಾಕಿದ್ದೆ.

ಡಾಕ್ಟರು ಹೇಳಿದಂತೆ ಒಂದು ವಾರ ಕ್ಯಾಪ್ಸೂಲ್ ನಿಲ್ಲಿಸಿ ಅಕ್ಕ ಮತ್ತೆ ಬಂದರು. ಟಿಎಸ್‌ಎಚ್ 2.1. ದುಡ್ಡು ತೆಗೆದುಕೊಳ್ಳಲಿಲ್ಲ. ಅವರ ಸುಸ್ತು ಎಂಎಸ್‌ನದ್ದೇ ಆಗಿತ್ತು.

ಈಗ "ಮದ್ದು ಉಂಟಾ" ಅಂತ ನಾನು ಕೇಳುವುದಿಲ್ಲ. "ಕೂದಲಿಗೆ, ಉಗುರಿಗೆ, ಶಕ್ತಿಗೆ ಅಂತ ಏನಾದರೂ ತಿನ್ನುತ್ತೀರಾ?" ಅಂತ ಕೇಳುತ್ತೇನೆ. ಕಳೆದ ವಾರ ಕಾಲೇಜು ಹುಡುಗಿಯೊಬ್ಬಳು ಬ್ಯಾಗ್ ತೆರೆದು ಕೂದಲು ಉದುರುವುದಕ್ಕೆ ತಿನ್ನುವ 10 ಮಿಲಿಗ್ರಾಂ ಬಯೋಟಿನ್ ಸ್ಟ್ರಿಪ್ ತೋರಿಸಿದಳು. ಬೆಳಿಗ್ಗೆಯೇ ಒಂದು ನುಂಗಿದ್ದಳಂತೆ. ಡಾಕ್ಟರಿಗೆ ತಿಳಿಸಿ, ಮೂರು ದಿನ ಬಿಟ್ಟು ಬರಲು ಹೇಳಿ ಕಳಿಸಿದೆ. ಬಿಲ್ ಹೊಡೆದು ಕೂತಿದ್ದ ಕೌಂಟರಿನವಳು ಮುಖ ಸಿಂಡರಿಸಿದಳು.