ಚಿರತೆ ಬಿಟ್ಟುಹೋದ ಸಿನಿಮಾ

ಮೇ 25 ಟವಲ್ ದಿನ. ಬಾಹ್ಯಾಕಾಶ ಯಾತ್ರಿಕನ ಬಳಿ ಟವಲ್ ಇರಲೇಬೇಕು ಎಂದು ಬರೆದ ಇಂಗ್ಲಿಷ್ ಹಾಸ್ಯ ಲೇಖಕ ಡಗ್ಲಸ್ ಆಡಮ್ಸ್ 2001ರಲ್ಲಿ ತೀರಿಕೊಂಡ ಎರಡು ವಾರಕ್ಕೆ ಓದುಗರು ಟವಲ್ ಹೊತ್ತು ಓಡಾಡಿ ಅವರನ್ನು ನೆನೆದರು. ಅದು ಇವತ್ತಿಗೂ ವರ್ಷ ವರ್ಷ ನಡೆಯುತ್ತಿದೆ. ಆ ದಿನಕ್ಕೆ ಒಪ್ಪುವ ಕೆಲಸವೊಂದಿದೆ: ಅವರ ಬಾಹ್ಯಾಕಾಶ ಹಾಸ್ಯಕಥೆ 'ದ ಹಿಚ್‌ಹೈಕರ್ಸ್ ಗೈಡ್ ಟು ದ ಗ್ಯಾಲಕ್ಸಿ'ಯ ಮೊದಲ ರೇಡಿಯೊ ಸರಣಿ ಕೇಳಿ, ಅದೇ ದಿನ 2005ರ ಸಿನಿಮಾವನ್ನೂ ನೋಡುವುದು. ರೇಡಿಯೊದ್ದು ಅರ್ಧರ್ಧ ಗಂಟೆಯ ಆರು ಕಂತು, ಸಿನಿಮಾ 109 ನಿಮಿಷ. ತಿಂಡಿ ಮುಗಿಸಿ ಕೂತರೆ ಮಧ್ಯಾಹ್ನದ ಊಟಕ್ಕೆ ರೇಡಿಯೊ ಮುಗಿಯುತ್ತದೆ, ಸಂಜೆಗೆ ಸಿನಿಮಾ. ಅಭಿಮಾನಿಗಳು ಈ ಸಿನಿಮಾ ವಿಷಯದಲ್ಲಿ ಯಾಕೆ ಎರಡು ಪಾಲಾಗಿದ್ದಾರೆ ಅನ್ನುವುದು ಆ ಒಂದೇ ದಿನದಲ್ಲಿ ಕಿವಿಗೆ ಗೊತ್ತಾಗುತ್ತದೆ.

ಕ್ರಮ ಮುಖ್ಯ. ಸಿನಿಮಾ ಮೊದಲು ನೋಡಿದರೆ ಕಥಾನಾಯಕ ಆರ್ಥರ್ ಡೆಂಟ್ ಅಂದಾಗೆಲ್ಲ ಮಾರ್ಟಿನ್ ಫ್ರೀಮನ್ ಮುಖವೇ ಎದುರು ನಿಲ್ಲುತ್ತದೆ, ರೇಡಿಯೊ ತನ್ನ ಚಿತ್ರ ತಾನೇ ಕಟ್ಟಲು ಜಾಗ ಉಳಿಯುವುದಿಲ್ಲ. ಹೆಡ್‌ಫೋನ್ ಇರಲಿ, ಸರಣಿಯನ್ನು ಸ್ಟೀರಿಯೊಗೆಂದೇ ಮಾಡಿದ್ದು. ಸಿನಿಮಾ ನೋಡುವಾಗ ಸಬ್‌ಟೈಟಲ್ ತೆಗೆದುಬಿಡಿ. ಮಾತು ಮುಗಿಯುವ ಮೊದಲೇ ಕಣ್ಣು ಸಾಲನ್ನು ಓದಿಬಿಟ್ಟರೆ ನಗೆ ಅಲ್ಲೇ ಸೋರಿಹೋಗುತ್ತದೆ.

ಬಿಬಿಸಿ ರೇಡಿಯೊ 4 ಮೊದಲ ಕಂತನ್ನು 1978ರ ಮಾರ್ಚ್ 8ರ ರಾತ್ರಿ ಬಿತ್ತರಿಸಿತು. ಕಾದಂಬರಿ ಬಂದದ್ದು 1979ರಲ್ಲಿ, ಅದೂ ಮೊದಲ ನಾಲ್ಕು ಕಂತುಗಳ ಕಥೆ ಹಿಡಿದು. ಅಂದರೆ ಇದು ಪುಸ್ತಕದಿಂದ ಹೊರಟ ಕಥೆಯಲ್ಲ, ದನಿಯಿಂದ ಹೊರಟದ್ದು. ಬ್ಯಾಂಜೊದ ಆ ಶೀರ್ಷಿಕೆ ಸಂಗೀತ (ಈಗಲ್ಸ್ ತಂಡದ 'ಜರ್ನಿ ಆಫ್ ದ ಸಾರ್ಸರರ್') ಮುಗಿಯುತ್ತಿದ್ದಂತೆ ಪೀಟರ್ ಜೋನ್ಸ್ ಮಾತು ಶುರು. ಅವರದು 'ಗೈಡ್' ಎಂಬ ಪುಸ್ತಕದ ಪಾತ್ರ. ಭೂಮಿ ನಾಶವಾಗುವಂಥ ವಿಷಯವನ್ನೂ ಸಮಾಧಾನದಲ್ಲೇ ಹೇಳುತ್ತಾರೆ. ಎಲ್ಲಿ ತಡೆಯುತ್ತಾರೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಗಮನಿಸಿ. ಆಡಮ್ಸ್ ಬರೆಯುತ್ತಿದ್ದ ಉದ್ದ ವಾಕ್ಯಗಳ ನಗೆ ಕಡೆಯ ಎರಡು ಮೂರು ಪದಗಳಲ್ಲಿ ಕೂತಿರುತ್ತದೆ. ಅಲ್ಲಿಯವರೆಗೆ ಕೇಳುಗನನ್ನು ಹಿಡಿದಿಟ್ಟರೆ ಮಾತ್ರ ಅದು ಸಿಡಿಯುತ್ತದೆ.

ಸಿನಿಮಾ ಬಗೆಗಿನ ದೊಡ್ಡ ಜಗಳವೆಲ್ಲ ಇಲ್ಲಿಂದಲೇ. ಬೈಪಾಸ್ ರಸ್ತೆಗಾಗಿ ಆರ್ಥರನ ಮನೆ ಕೆಡವುವ ದೃಶ್ಯ ತೆಗೆದುಕೊಳ್ಳಿ. ನಕ್ಷೆಯನ್ನು ಸಾರ್ವಜನಿಕರ ಗಮನಕ್ಕೆ ಇಟ್ಟಿದ್ದೆವಲ್ಲ ಅನ್ನುತ್ತಾನೆ ಅಧಿಕಾರಿ ಪ್ರಾಸರ್. ಆರ್ಥರ್ ಹೇಳುವ ಪ್ರಕಾರ ಅದು ನೆಲಮಾಳಿಗೆಯಲ್ಲಿತ್ತು. ಅಲ್ಲಿ ದೀಪವಿರಲಿಲ್ಲ, ಮೆಟ್ಟಿಲೂ ಇರಲಿಲ್ಲ. ಬೀಗ ಹಾಕಿದ ಬೀರುವಿನ ತಳದಲ್ಲಿತ್ತು, ಬೀರು ಪಾಳುಬಿದ್ದ ಪಾಯಿಖಾನೆಯಲ್ಲಿತ್ತು, ಅದರ ಬಾಗಿಲ ಮೇಲೆ ಚಿರತೆಯಿದೆ ಎಚ್ಚರಿಕೆ ಎಂದು ಬರೆದಿತ್ತು. ಒಂದೊಂದು ಮಾತೂ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಇಳಿಸುತ್ತದೆ, ಕಡೆಗೆ ಚಿರತೆಯ ಬಾಯಿಗೆ ತಂದು ನಿಲ್ಲಿಸುತ್ತದೆ. ಸಿನಿಮಾ ನೆಲಮಾಳಿಗೆಯಲ್ಲೇ ನಿಂತುಬಿಡುತ್ತದೆ, ಚಿರತೆಯ ಸುದ್ದಿಯೇ ಇಲ್ಲ. ಉಳಿಸಿದ್ದು ಕೆಲವೇ ಸೆಕೆಂಡು, ಹೋಗಿದ್ದು ಇಡೀ ನಗೆ. ಇಳಿಯದ ಮೆಟ್ಟಿಲಿಂದ ಬೀಳುವುದಕ್ಕೆ ಏನಿದೆ? ಅಭಿಮಾನಿಗಳ ಈ ದೂರು ನೂರಕ್ಕೆ ನೂರು ಸರಿ.

ಅದೇ ದೃಶ್ಯದ ಮುಂದಿನ ಭಾಗದಲ್ಲಿ ಸಿನಿಮಾದವರು ಬೇರೆ ದಾರಿ ಹಿಡಿದಿದ್ದಾರೆ. ರೇಡಿಯೊದಲ್ಲಿ ಆರ್ಥರನ ಗೆಳೆಯ ಫೋರ್ಡ್ ಪ್ರಿಫೆಕ್ಟ್ ಬರೀ ತರ್ಕದಿಂದ ಪ್ರಾಸರನನ್ನೇ ಆರ್ಥರನ ಜಾಗದಲ್ಲಿ, ಬುಲ್‌ಡೋಜರ್ ಮುಂದಿನ ಕೆಸರಿನಲ್ಲಿ ಮಲಗಿಸುತ್ತಾನೆ. ಸಿನಿಮಾದ ಫೋರ್ಡ್ ಬಿಯರ್ ತುಂಬಿದ ತಳ್ಳುಗಾಡಿ ತಂದು ಕೆಲಸಗಾರರಿಗೆ ಹಂಚುತ್ತಾನೆ. ಮಾತಿನ ಆಟವನ್ನು ಅರ್ಧಕ್ಕೆ ಕತ್ತರಿಸಲಿಲ್ಲ, ಪೂರ್ತಿ ಬಿಟ್ಟು ಕಣ್ಣಿಗೆ ಕಾಣುವ ಇನ್ನೊಂದನ್ನು ತಂದರು. ಮೂಲದಷ್ಟು ಚಂದವಿಲ್ಲ, ಆದರೆ ಕೆಲಸ ಮಾಡುತ್ತದೆ. ನಿರ್ದೇಶಕ ಗಾರ್ತ್ ಜೆನ್ನಿಂಗ್ಸ್ ಮ್ಯೂಸಿಕ್ ವಿಡಿಯೊ ಮಾಡಿ ಬಂದವರು, ಅವರ ಬಲವೆಲ್ಲ ಕಣ್ಣಿನದು. ಇಡೀ ಸಿನಿಮಾದಲ್ಲಿ ಈ ಲೆಕ್ಕ ತಪ್ಪುವುದಿಲ್ಲ: ಮಾತನ್ನು ತುಂಡು ಮಾಡಿದ ಕಡೆ ಸೋತಿದೆ, ಹೊಸದಾಗಿ ಚಿತ್ರ ಕಟ್ಟಿದ ಕಡೆ ಗೆದ್ದಿದೆ.

ಗೆದ್ದ ಕಡೆಗಳು ಕಮ್ಮಿಯಿಲ್ಲ. ಅಂತರಿಕ್ಷ ಹಡಗನ್ನು ಓಡಿಸುವ 'ಅಸಂಭವ ಎಂಜಿನ್' ಚಾಲೂ ಆದಾಗ ಅದರೊಳಗಿದ್ದವರೆಲ್ಲ ಉಣ್ಣೆಯ ಗೊಂಬೆಗಳಾಗುತ್ತಾರೆ. ಆರ್ಥರ್ ವಾಂತಿ ಮಾಡಿದರೆ ಹೊರಬರುವುದೂ ಬಣ್ಣದ ಉಣ್ಣೆ ದಾರ. ಭೂಮಿಯನ್ನು ಕೆಡವಿದ ಅನ್ಯಗ್ರಹದ ಅಧಿಕಾರಿಗಳಾದ ವೋಗನ್‌ಗಳನ್ನು ಜಿಮ್ ಹೆನ್ಸನ್ಸ್ ಕ್ರಿಯೇಚರ್ ಶಾಪ್ ನಿಜವಾದ ದೊಡ್ಡ ವೇಷಗಳಾಗಿ ಮಾಡಿಕೊಟ್ಟಿತು, ಒಳಗೆ ಮನುಷ್ಯರು. ನಟರ ಮೇಲೆ ಬಿದ್ದ ಬೆಳಕೇ ಅವುಗಳ ಮೇಲೂ ಬೀಳುವುದರಿಂದ ಆ ಮೈಭಾರ ನಂಬಿಕೆ ಹುಟ್ಟಿಸುತ್ತದೆ. ಈ ಅಧಿಕಾರಿಗಳ ಗ್ರಹದಲ್ಲಿ ಯಾರಿಗಾದರೂ ಒಂದು ಯೋಚನೆ ಬಂದರೆ ಸಾಕು, ನೆಲದಿಂದ ಹಲಗೆಯೊಂದು ಮೇಲೆದ್ದು ಮುಖಕ್ಕೆ ಬಾರಿಸುತ್ತದೆ. ಒಂದೂ ಮಾತಿಲ್ಲದೆ ಅಧಿಕಾರಶಾಹಿಯ ಬಗ್ಗೆ ಆಡಮ್ಸ್ ಹೇಳುತ್ತಿದ್ದುದನ್ನೇ ಅದು ಹೇಳುತ್ತದೆ. ಮ್ಯಾಗ್ರಾಥಿಯಾ ಎಂಬ ಗ್ರಹದ ಕಾರ್ಖಾನೆಯಲ್ಲಿ, ಬಿಲ್ ನೈ ಮಾಡಿದ ಸ್ಲಾರ್ಟಿಬಾರ್ಟ್‌ಫಾಸ್ಟ್ ಆರ್ಥರನನ್ನು ಕರೆದೊಯ್ದು ಕಟ್ಟುತ್ತಿರುವ ಗ್ರಹಗಳನ್ನು ತೋರಿಸುವ ಭಾಗವಂತೂ ಸಿನಿಮಾವನ್ನು ಬೈಯುವವರ ಬಾಯನ್ನೂ ಕಟ್ಟುತ್ತದೆ. ರೇಡಿಯೊ ಇದನ್ನು ಕೇಳುಗನ ಊಹೆಗೇ ಬಿಟ್ಟಿತ್ತು.

ಗ್ಯಾಲಕ್ಸಿಯ ಅಧ್ಯಕ್ಷ ಜೇಫೋಡ್ ಬೀಬಲ್‌ಬ್ರಾಕ್ಸ್‌ನ ಎರಡನೇ ತಲೆಯ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ರೇಡಿಯೊದಲ್ಲಿ ಅದು ಒಂದು ಸಾಲಿನ ಮಾತು, ಕಾಸಿನ ಖರ್ಚಿಲ್ಲ. 1981ರ ಟಿವಿ ಸರಣಿಯಲ್ಲಿ ನಟ ಮಾರ್ಕ್ ವಿಂಗ್-ಡೇವಿ ಹೆಗಲ ಮೇಲೆ ಯಂತ್ರದ ತಲೆ ಕೂರಿಸಿದರು, ಅದು ಆಗಾಗ ಕೆಟ್ಟು ಸುಮ್ಮನೆ ವಾಲಿಕೊಂಡಿರುತ್ತಿತ್ತು. ಸಿನಿಮಾದಲ್ಲಿ ಸ್ಯಾಮ್ ರಾಕ್‌ವೆಲ್ ಗದ್ದದ ಕೆಳಗಿಂದ ಆ ತಲೆ ಚಿಮ್ಮುತ್ತದೆ. ಪುಸ್ತಕ ಓದಿದವರು ಅಕ್ಕಪಕ್ಕ ಎರಡು ತಲೆ ಕಲ್ಪಿಸಿಕೊಂಡಿದ್ದರು, ಅವರಿಗೆ ಇದು ಮೋಸ ಅನ್ನಿಸಿದ್ದು ಸಹಜ. ಅರ್ಧ ದಾರಿಯಲ್ಲಿ ಹುಮ್ಮಾ ಕವುಲಾ ಎಂಬವನು ಆ ತಲೆಯನ್ನು ಒತ್ತೆಯಿಟ್ಟುಕೊಳ್ಳುತ್ತಾನೆ. ಆಮೇಲೆ ತಲೆಯೂ ಇಲ್ಲ, ಅವನ ಕಥೆಯೂ ಇಲ್ಲ. ಎಳೆ ಹಾಗೇ ಕಡಿದುಹೋಗಿದೆ, ಇದು ಚಿತ್ರಕಥೆಯ ನಿಜವಾದ ದೋಷ.

ಇದಕ್ಕೆ ಹಾಲಿವುಡ್ಡನ್ನು ದೂರುವುದು ಮಾತ್ರ ತಪ್ಪು. ಜಾನ್ ಮಾಲ್ಕೊವಿಚ್ ಮಾಡಿದ ಹುಮ್ಮಾ ಕವುಲಾ ಆಡಮ್ಸ್ ಅವರೇ ಸಿನಿಮಾಕ್ಕಾಗಿ ಸೃಷ್ಟಿಸಿದ ಪಾತ್ರ. ಗುಂಡು ತಗುಲಿದವರಿಗೆ ಹೊಡೆದವರ ಮನಸ್ಸು ಅರ್ಥವಾಗಿಸುವ ಬಂದೂಕೂ ಅವರದೇ ಕಲ್ಪನೆ. ಕ್ಯಾಲಿಫೋರ್ನಿಯಾಕ್ಕೆ ಹೋಗಿ ನೆಲೆಸಿ ಚಿತ್ರಕಥೆ ತಿದ್ದುತ್ತಿದ್ದಾಗಲೇ, 49ನೇ ವಯಸ್ಸಿಗೆ, ಹೃದಯಾಘಾತದಿಂದ ಹೋದರು. ಕ್ಯಾರಿ ಕರ್ಕ್‌ಪ್ಯಾಟ್ರಿಕ್ ಅದನ್ನು ಪೂರೈಸಿದರು. ರೇಡಿಯೊದಿಂದ ಪುಸ್ತಕಕ್ಕೆ, ಅಲ್ಲಿಂದ ಟಿವಿಗೆ, 1984ರ ಕಂಪ್ಯೂಟರ್ ಆಟಕ್ಕೆ ಹೋಗುವಾಗಲೂ ಆಡಮ್ಸ್ ಕಥೆಯನ್ನು ಬದಲಿಸುತ್ತಲೇ ಬಂದರು. ಹಾಗಿರುವಾಗ ಮೂಲಕ್ಕೆ ನಿಷ್ಠೆ ಎಂಬ ಅಳತೆಗೋಲು ಇಲ್ಲಿ ನಿಲ್ಲುವುದಿಲ್ಲ. ಆರ್ಥರ್ ಮತ್ತು ಟ್ರಿಲಿಯನ್ ಎಂಬ ಹುಡುಗಿಯ ಪ್ರೇಮವನ್ನು ಹಿಗ್ಗಿಸಿದ್ದು ಸರಿಯೇ ಎಂದು ಕೇಳಬಹುದು. ನನ್ನ ಮಟ್ಟಿಗೆ ಸರಿಯಲ್ಲ. ಭೂಮಿಯೇ ಇಲ್ಲವಾದ ಮನುಷ್ಯನಿಗೆ ಒಂದು ಲೋಟ ಚಹಾ ಸಿಗದಿರುವುದೇ ಈ ಕಥೆಯ ದುಃಖ, ಹುಡುಗಿ ಸಿಕ್ಕಿ ಅದು ಸರಿಹೋಗುವಂಥದ್ದಲ್ಲ.

ಬ್ರಿಟನ್ನಿನಲ್ಲಿ ಸಿನಿಮಾ ತೆರೆಕಂಡದ್ದು 2005ರ ಏಪ್ರಿಲ್ 28ರಂದು. ಮುಂದಿನ ವಾರವೇ ರೇಡಿಯೊ 4ರಲ್ಲಿ ಕಥೆಯ ಹೊಸ ಕಂತುಗಳು ಶುರುವಾದವು, ಆರ್ಥರನಾಗಿ ಮೊದಲ ಸರಣಿಯಲ್ಲಿದ್ದ ಅದೇ ಹಳೆಯ ಸೈಮನ್ ಜೋನ್ಸ್. ಥಿಯೇಟರಿನಿಂದ ಮನೆಗೆ ಬಂದು ರೇಡಿಯೊ ಹಾಕಿದವರಿಗೆ ಎರಡೂ ಕಿವಿಯಲ್ಲಿ ಒಟ್ಟಿಗೇ ಇದ್ದವು. ಹೋಲಿಕೆ ಅಷ್ಟು ಕಟುವಾದದ್ದಕ್ಕೆ ಅದೂ ಒಂದು ಕಾರಣವಿರಬೇಕು.

ಹಳಬರಿಗೆಂದು ಸಿನಿಮಾದವರು ಪ್ರೀತಿಯಿಂದ ಅಡಗಿಸಿಟ್ಟದ್ದೂ ಇದೆ. ಮ್ಯಾಗ್ರಾಥಿಯಾ ಸಮೀಪಿಸಿದಾಗ ಮೂಡಿ ಎಚ್ಚರಿಕೆ ಕೊಡುವ ಮುಖ ಸೈಮನ್ ಜೋನ್ಸ್ ಅವರದು. ಕೆಂಪು-ನೀಲಿ ಗಾಜಿನ ಕನ್ನಡಕವಿದ್ದರೆ ಅಲ್ಲಿ ಹಾಕಿಕೊಳ್ಳಿ, ಮುಖ ಪರದೆಯಿಂದ ಈಚೆ ಬರುತ್ತದೆ. ವೋಗನ್ ಕಚೇರಿಯ ಸಾಲಿನಲ್ಲಿ 1981ರ ಟಿವಿಯ ಮಾರ್ವಿನ್ ರೋಬೊ ನಿಂತಿದೆ. ಕೊನೆಯಲ್ಲಿ ಹಾರ್ಟ್ ಆಫ್ ಗೋಲ್ಡ್ ಹಡಗು ಒಂದಾದ ಮೇಲೊಂದು ರೂಪ ತಾಳಿ, ಕಡೆಗೆ ಆಡಮ್ಸ್ ಮುಖವಾಗುತ್ತದೆ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ, ಅಲ್ಲಿ ವಿಡಿಯೊ ನಿಲ್ಲಿಸಿ ನೋಡಿ.

ಹೆಸರುಗಳು ಓಡತೊಡಗಿದಾಗ ಎದ್ದು ಹೋಗಬೇಡಿ. ಸಿನಿಮಾದ ಗೈಡ್ ಸ್ಟೀಫನ್ ಫ್ರೈ ಹೆಚ್ಚು ಮಾತಾಡಲೇ ಇಲ್ಲ ಎಂದು ಅಭಿಮಾನಿಗಳು ಕೊರಗಿದ್ದರಲ್ಲ, ನಡುವೆ ಅವರು ಮತ್ತೆ ಬರುತ್ತಾರೆ. ಎಚ್ಚರವಿಲ್ಲದೆ ಆಡಿದ ಒಂದು ಮಾತಿನಿಂದ ಎರಡು ಲೋಕಗಳ ನಡುವೆ ಯುದ್ಧ ಹತ್ತಿ, ಭೂಮಿಯ ಮೇಲೆ ದಾಳಿಗೆ ಬಂದ ಭಾರಿ ನೌಕಾಪಡೆಯನ್ನು, ಗಾತ್ರದ ಲೆಕ್ಕ ತಪ್ಪಿದ್ದರಿಂದ, ಒಂದು ಪುಟ್ಟ ನಾಯಿ ಗುಳುಂ ಮಾಡಿದ ಕಥೆ. ಇಲ್ಲಿ ಮೆಟ್ಟಿಲುಗಳೆಲ್ಲ ಇವೆ, ಕೊನೆಯದರವರೆಗೂ ಇಳಿಸುತ್ತಾರೆ.